‘ಕೆಟ್ಟಿದೆ, ಎಸೆಯಬೇಡಿ’

ಹೋದ ತಿಂಗಳು ಮಧುಗಿರಿಯ ನನ್ನ ಜೆರಾಕ್ಸ್ ಅಂಗಡಿಗೆ ಒಂದು ಬಿಸ್ಕೆಟ್ ಡಬ್ಬ ಬಂತು. ತಗಡಿನದು, ಹಳೇದು, ಮುಚ್ಚಳದ ಮೇಲಿನ ಚಿತ್ರ ಅರ್ಧ ಅಳಿಸಿಹೋಗಿತ್ತು. ತಂದವಳು ಹಿಂದೆ ನನ್ನ ಜೊತೆ ಒಂದೇ ಸ್ಕೂಲಿನಲ್ಲಿದ್ದ ಕನ್ನಡ ಮೇಷ್ಟ್ರ ಮಗಳು. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ನೋಡಿದ್ದು. ಈಗ ಶಿರಾದಲ್ಲಿ ಸಂಸಾರ, ಇಬ್ಬರು ಮಕ್ಕಳು.

“ಸಾರ್, ಇದರಲ್ಲಿ ಅಪ್ಪಾಜಿ ಬರಕೊಂಡಿದ್ದ ಹಾಡುಗಳು ಇದಾವಂತೆ, ಅಮ್ಮ ಹೇಳ್ತಾರೆ. ತೆಗೆಯೋಕೆ ಆಗುತ್ತಾ? ತುಮಕೂರಲ್ಲಿ ಕೇಳ್ದೆ. ಇದನ್ನ ಈಗ ಯಾರೂ ಮುಟ್ಟಲ್ಲ ಮೇಡಂ ಅಂತ ನಕ್ಕುಬಿಟ್ರು.”

ಡಬ್ಬದೊಳಗೆ ಹನ್ನೊಂದು ಫ್ಲಾಪಿ. ಕಪ್ಪು, ನೀಲಿ, ಒಂದು ಹಳದಿ. ಒಂದೊಂದರ ಮೇಲೂ ಮೇಷ್ಟ್ರ ದುಂಡಗಿನ ಅಕ್ಷರ: ಸೋಬಾನೆ 1, ಸೋಬಾನೆ 2, ಜುಂಜಪ್ಪ, ಗಾದೆ, ಪಾವಗಡ ಕಡೆಯ ಹಾಡು. ತಳದಲ್ಲಿದ್ದ ನೀಲಿ ಫ್ಲಾಪಿಯ ಚೀಟಿ ಮೇಲೆ ಮಾತ್ರ ಕೆಂಪು ಶಾಯಿಯಲ್ಲಿ ‘ಕೆಟ್ಟಿದೆ, ಎಸೆಯಬೇಡಿ’ ಅಂತ ಬರೆದಿತ್ತು. ಅದನ್ನು ನೋಡಿ ನನ್ನ ಕೈ ಒಂದು ಗಳಿಗೆ ನಿಂತಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಫ್ಲಾಪಿ ವಿಷಯ ಮುಗಿಸಿಬಿಡೋಣ, ಏಕೆಂದರೆ ನಿಮ್ಮಲ್ಲಿ ಎಷ್ಟೋ ಜನರ ಮನೆಯ ಅಟ್ಟದ ಮೇಲೆ ಇಂಥದ್ದೊಂದು ಡಬ್ಬ ಇರುತ್ತೆ.

ಇಂದಿನ ಮಕ್ಕಳಿಗೆ ಫ್ಲಾಪಿ ಅಂದರೆ ‘ಸೇವ್’ ಗುಂಡಿಯ ಮೇಲಿನ ಚಿತ್ರ, ಅಷ್ಟೇ. ನಮಗೆ ಅದು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದ ವಸ್ತು. ಸರ್ಕಾರದ ಮಾಹಿತಿ ಸಿಂಧು ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬರುತ್ತಿದ್ದ ಕಾಲ. ಇಂಟರ್‌ನೆಟ್ ಇಲ್ಲ, ಪೆನ್ ಡ್ರೈವ್ ಕೊಳ್ಳುವ ಶಕ್ತಿ ಇಲ್ಲ. ಕೊರಟಗೆರೆಯಿಂದ ಮಧುಗಿರಿಗೆ, ಪಾವಗಡದಿಂದ ಮಧುಗಿರಿಗೆ ಏನೇ ಫೈಲು ಹೋಗಬೇಕಾದರೂ ಫ್ಲಾಪಿಯೇ ಗತಿ. ಈಗಲೂ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕೇ. ಆ ನಾಲ್ಕೂ ದಿಕ್ಕಿನ ಖಾಸಗಿ ಬಸ್ಸುಗಳಲ್ಲಿ ನನ್ನ ಅಂಗಿ ಜೇಬಿನಲ್ಲಿ ಎಷ್ಟು ಫ್ಲಾಪಿ ಪ್ರಯಾಣ ಮಾಡಿವೆಯೋ. ಮೇಷ್ಟ್ರುಗಳದ್ದೇ ಏನು, ಟಿಡಿಎಸ್ ರಿಟರ್ನನ್ನು ಕಂಪ್ಯೂಟರ್ ಫೈಲಾಗಿ ಕೊಡುವ ಪದ್ಧತಿ 2003ರಲ್ಲಿ ಬಂದ ಮೇಲೆ ಲೆಕ್ಕಪತ್ರದವರೂ ಫ್ಲಾಪಿಗೋ ಸೀಡಿಗೋ ಹಾಕಿ, ಜೊತೆಗೆ ಕಾಗದದ 27ಎ ನಮೂನೆ ಇಟ್ಟು ಕೊಡುತ್ತಿದ್ದರು.

ಅದರಲ್ಲಿ ಹಿಡಿಯುತ್ತಿದ್ದುದು 1.44 ಎಂಬಿ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಒಳ್ಳೆ ಫೋಟೋ ಹಿಡಿಯಲ್ಲ. ಆದರೆ ಬರೀ ಅಕ್ಷರ ಅಂದರೆ ಲೆಕ್ಕ ಬೇರೆ. ಅದೇ ಜಾಗದಲ್ಲಿ ನಾಲ್ಕೈನೂರು ಪುಟ ಕೂರಿಸಬಹುದು. ಒಬ್ಬ ಮನುಷ್ಯ ಹತ್ತು ವರ್ಷ ಊರೂರು ಸುತ್ತಿ ಬರೆದುಕೊಂಡದ್ದು ಒಂದು ಬಿಸ್ಕೆಟ್ ಡಬ್ಬಕ್ಕೆ ಆರಾಮಾಗಿ ಹಿಡಿಯುತ್ತೆ.

ಈಗ ಮುಖ್ಯ ಮಾತು. ಹಳೇ ಫ್ಲಾಪಿ ಓದಲು ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಆನ್‌ಲೈನಿನಲ್ಲಿ ಸಿಗುತ್ತದೆ. ವಿಂಡೋಸ್ 10, 11 ಎರಡರಲ್ಲೂ ಕೆಲಸ ಮಾಡುತ್ತೆ, ಸಿಕ್ಕಿಸಿದರೆ ‘ಎ’ ಡ್ರೈವ್ ಅಂತ ಬಂದು ಕೂರುತ್ತೆ. ನೀವು ಫ್ಲಾಪಿ ಹಾಕುತ್ತೀರಿ. ಕಟಕಟ ಅಂತ ಸದ್ದು ಬರುತ್ತೆ. ಆಮೇಲೆ ಪರದೆ ಮೇಲೆ ಒಂದು ಪ್ರಶ್ನೆ: ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?

ದಯವಿಟ್ಟು ‘ಬೇಡ’ ಅನ್ನಿ. ಈ ಅಂಕಣದಲ್ಲಿ ಬೇರೆ ಏನು ಮರೆತರೂ ಇದನ್ನೊಂದು ಮರೆಯಬೇಡಿ. ಆ ಪ್ರಶ್ನೆಗೆ ನಿಜವಾದ ಅರ್ಥ ‘ಇದರಲ್ಲಿ ಏನೂ ಇಲ್ಲ’ ಅಂತಲ್ಲ. ‘ಇದರ ಮೊದಲ ಪುಟ ನನಗೆ ಓದೋಕೆ ಬರ್ತಿಲ್ಲ’ ಅಂತ. ಡ್ರೈವಿನ ತಲೆಗೆ ಧೂಳು ಕೂತಿದ್ದರೂ ಹಾಗೇ ಕೇಳುತ್ತೆ, ಫ್ಲಾಪಿಗೆ ಬೂಷ್ಟು ಹಿಡಿದಿದ್ದರೂ ಹಾಗೇ ಕೇಳುತ್ತೆ. ಗೊತ್ತಿಲ್ಲದೆ ‘ಹೂಂ’ ಅಂದವರು ಎಷ್ಟು ಜನರೋ.

ಫಾರ್ಮ್ಯಾಟ್ ಅಂದರೆ ಏನು ಮಾಡುತ್ತೆ ಅಂತ ಸ್ವಲ್ಪ ತಿಳಿದುಕೊಂಡರೆ ಭಯ ಹೋಗುತ್ತೆ. ಫ್ಲಾಪಿಯೊಳಗಿನ ಕಂದು ತಟ್ಟೆಗೆ ಎರಡು ಮುಖ. ಒಂದೊಂದು ಮುಖದಲ್ಲಿ ಉಂಗುರದ ಹಾಗೆ 80 ಸುತ್ತು, ಒಂದೊಂದು ಸುತ್ತಿನಲ್ಲಿ 18 ತುಂಡು, ಒಂದೊಂದು ತುಂಡಿನಲ್ಲಿ 512 ಅಕ್ಷರದ ಜಾಗ. ಒಟ್ಟು 2,880 ತುಂಡು. ಇವಕ್ಕೆ ಸೆಕ್ಟರ್ ಅನ್ನುತ್ತಾರೆ. ಬಯಲು ಜಮೀನಿಗೆ ಬದು ಹಾಕಿ ಪಟ್ಟೆ ಮಾಡಿದ ಹಾಗೆ. ಮೊದಲ 33 ತುಂಡುಗಳಲ್ಲಿ ಯಾವ ಫೈಲು ಎಲ್ಲಿದೆ ಅನ್ನುವ ಲೆಕ್ಕ, ಉಳಿದ 2,847ರಲ್ಲಿ ನಿಮ್ಮ ಸರಕು.

ಫಾರ್ಮ್ಯಾಟಿನಲ್ಲಿ ಎರಡು ಬಗೆ. ‘ಕ್ವಿಕ್’ ಅನ್ನುವುದು ಆ ಲೆಕ್ಕದ ಪುಸ್ತಕವನ್ನು ಮಾತ್ರ ಖಾಲಿ ಮಾಡುತ್ತೆ. ಪಹಣಿ ಹರಿದುಹಾಕಿದರೆ ಹೊಲ ಎಲ್ಲಿಗೂ ಓಡಿಹೋಗಲ್ಲವಲ್ಲ, ಹಾಗೆ. ಬೆಳೆ ಅಲ್ಲೇ ನಿಂತಿರುತ್ತೆ, ಇನ್ನೊಬ್ಬ ಬಂದು ಅದರ ಮೇಲೆ ಉಳುವ ತನಕ. ‘ಫುಲ್’ ಅನ್ನುವುದು ಜೇಸಿಬಿ. ಎಲ್ಲಾ ತುಂಡುಗಳ ಮೇಲೂ ಹೊಸದಾಗಿ ಬರೆದು ಸಮ ಮಾಡಿಬಿಡುತ್ತೆ. ಅದಾದ ಮೇಲೆ ಮನೆಯಲ್ಲಿ ಕೂತು ಯಾವ ತಂತ್ರಾಂಶ ಓಡಿಸಿದರೂ ಏನೂ ಸಿಗಲ್ಲ.

ಹಾಗಾಗಿ ಡ್ರೈವಿಗೆ ಹಾಕುವ ಮೊದಲೇ ಒಂದು ಕೆಲಸ. ಫ್ಲಾಪಿಯನ್ನು ಬೆನ್ನು ಮೇಲಾಗಿ ತಿರುಗಿಸಿದರೆ ಒಂದು ಮೂಲೆಯಲ್ಲಿ ಸರಿದಾಡುವ ಪುಟ್ಟ ಗುಂಡಿ ಇರುತ್ತೆ. ಉಗುರಿನಲ್ಲಿ ಅದನ್ನು ಸರಿಸಿ, ಕಿಂಡಿ ತೆರೆದು ಆಚೆಕಡೆ ಬೆಳಕು ಕಾಣುವ ಹಾಗೆ ಮಾಡಿ. ಕಿಂಡಿ ತೆರೆದಿದ್ದರೆ ಅದರ ಮೇಲೆ ಬರೆಯಲಾಗದು, ಓದಬಹುದು ಅಷ್ಟೇ. ನೀವು ಕೈತಪ್ಪಿ ‘ಹೂಂ’ ಒತ್ತಿದರೂ ಫ್ಲಾಪಿ ಒಪ್ಪಲ್ಲ. (ಎದುರು ಮೂಲೆಯಲ್ಲಿ ಇನ್ನೊಂದು ಕಿಂಡಿ ಇದ್ದರೆ ಅದು 1.44 ಎಂಬಿಯದು. ಇಲ್ಲದಿದ್ದರೆ ಹಳೇ 720 ಕೆಬಿಯದು, ಅದನ್ನು ಎಷ್ಟೋ ಯುಎಸ್‌ಬಿ ಡ್ರೈವುಗಳು ಓದುವುದಿಲ್ಲ.)

ಆಮೇಲೆ ತಗಡಿನ ಬಾಗಿಲು ಸರಿಸಿ, ತಟ್ಟೆಯನ್ನು ಕೈಯಲ್ಲಿ ಮುಟ್ಟದೆ, ಬೆಳಕಿಗೆ ಹಿಡಿದು ನೋಡಿ. ಬಿಳಿ ಮಚ್ಚೆ ಕಂಡರೆ ಬೂಷ್ಟು. ಅದನ್ನು ಹಾಗೇ ಹಾಕಿದರೆ ಆ ಫ್ಲಾಪಿಯೂ ಗೀರಿಹೋಗುತ್ತೆ, ಡ್ರೈವಿನ ತಲೆಯೂ ಗಲೀಜಾಗಿ ಮುಂದಿನದನ್ನೂ ಕೆಡಿಸುತ್ತೆ. ಅಂಥದ್ದನ್ನು ಕೊನೆಗೆ ಇಟ್ಟುಕೊಳ್ಳಿ. ತಲೆ ಒರೆಸಲು ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಸಾಕು. ನಮ್ಮ ಪಾವಗಡ, ಶಿರಾ ಕಡೆ ಒಣ ಹವೆ, ಹಾಗಾಗಿ ಬೂಷ್ಟು ಕಡಿಮೆ. ಮಳೆ ಬರಲ್ಲ ಅಂತ ಗೋಳಾಡುವ ನಮಗೆ ಅಷ್ಟಾದರೂ ಲಾಭ.

ಒಳಗಿನದನ್ನು ಫೈಲು ಫೈಲಾಗಿ ಎಳೆಯುವುದಕ್ಕಿಂತ ಇಡೀ ಫ್ಲಾಪಿಯ ತದ್ರೂಪು ಒಂದು ಫೈಲಾಗಿ ತೆಗೆದುಕೊಳ್ಳುವುದು ಕ್ಷೇಮ. ವಿಂಡೋಸಿನಲ್ಲಿ ವಿನ್‌ಇಮೇಜ್ ಇದೆ. ಲಿನಕ್ಸ್ ಗೊತ್ತಿದ್ದವರಿಗೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇನ್ನೂ ಒಳ್ಳೇದು. ಅದು ಓದಲು ಬಾರದ ತುಂಡನ್ನು ಬಿಟ್ಟು ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲಾ ಮೊದಲು ಎತ್ತಿಕೊಂಡು, ಆಮೇಲೆ ಬಿಟ್ಟದ್ದಕ್ಕೆ ಮತ್ತೆ ಮತ್ತೆ ಬರುತ್ತೆ. ಹಟಮಾರಿ ಸಾಲಗಾರನ ಮನೆಗೆ ಅಲೆಯುವ ಹಾಗೆ. ಒಂದೊಂದು ಸಲ ಫ್ಲಾಪಿಯನ್ನು ಹೊರತೆಗೆದು ಮತ್ತೆ ಹಾಕಿದರೆ, ಹತ್ತು ಸಲ ಬಾರದ ತುಂಡು ಹನ್ನೊಂದನೇ ಸಲಕ್ಕೆ ಬಂದುಬಿಡುತ್ತೆ.

ಮೇಷ್ಟ್ರ ಹನ್ನೊಂದರಲ್ಲಿ ಏಳು ಮೊದಲ ಏಟಿಗೇ ಓದಿದವು. ಎರಡಕ್ಕೆ ಎರಡು ರಾತ್ರಿ ಹಿಡಿಯಿತು. ಹಳದಿಯದರ ತಗಡಿನ ಬಾಗಿಲು ತುಕ್ಕು ಹಿಡಿದು ಸರಿಯುತ್ತಲೇ ಇರಲಿಲ್ಲ. ಅದರ ಕವಚ ಬಿಡಿಸಿ, ಒಳಗಿನ ತಟ್ಟೆಯನ್ನು ನಡುವಿನ ಲೋಹದ ಗುಬಟು ಹಿಡಿದು ಎತ್ತಿ, ನನ್ನ ಹತ್ತಿರವಿದ್ದ ಖಾಲಿ ಫ್ಲಾಪಿಯ ಕವಚಕ್ಕೆ ಹಾಕಿದೆ. ಕೇಳೋಕೆ ದೊಡ್ಡ ಆಪರೇಷನ್, ಮಾಡೋಕೆ ಕಡುಬಿನ ಹೂರಣ ಬದಲಿಸಿದಷ್ಟೇ.

ಅಷ್ಟಾದ ಮೇಲೆ ಕನ್ನಡದವರಿಗೆ ಬರುವ ಇನ್ನೊಂದು ತೊಂದರೆ. ಫೈಲು ತೆರೆದರೆ ಕನ್ನಡ ಇಲ್ಲ! ‘ಕನ್ನಡ’ ಅಂತ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ‘ಪಿ’, ತಲೆ ಮೇಲೆ ಓರೆಗೀಟು ಹೊತ್ತ ‘ಎ’, ಪೌಂಡಿನ ಗುರುತು, ಚಿಕ್ಕ ‘ಕ್ಯೂ’. ಎಷ್ಟೋ ಜನ ಇದನ್ನು ನೋಡಿ ಫೈಲು ಹಾಳಾಗಿದೆ ಅಂತ ಅಳಿಸಿಬಿಡುತ್ತಾರೆ. ಹಾಳಾಗಿಲ್ಲ ಕಣ್ರೀ, ಅದು ಹಳೇ ನುಡಿ ಫಾಂಟು. ಯೂನಿಕೋಡ್ ಬಳಕೆಗೆ ಬರುವ ಮೊದಲು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿ ಟೈಪ್ ಮಾಡುತ್ತಿದ್ದೆವು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಗೊಜ್ಜು. ಶ್ರೀಲಿಪಿ, ಪ್ರಕಾಶಕ್, ಬರಹ ಎಲ್ಲದರದ್ದೂ ಇದೇ ಕತೆ, ಎಷ್ಟೋ ಸಲ ಒಂದರ ಹಂಚಿಕೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೂ ಬರಹದಲ್ಲೂ ಹಳೇದನ್ನು ಯೂನಿಕೋಡಿಗೆ ಬದಲಿಸುವ ಸೌಕರ್ಯ ಇದೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ. ಅರ್ಕಾವತ್ತು, ಒತ್ತಕ್ಷರ ಬಂದ ಕಡೆ ಅಲ್ಲಲ್ಲಿ ಎಡವಿರುತ್ತೆ.

ಎಲ್ಲಾ ತೆಗೆದುಕೊಂಡಾದ ಮೇಲೆ ಖಾಲಿ ಫ್ಲಾಪಿಯಿಂದ ಇನ್ನೂ ಉಪಯೋಗವಿದೆಯೇ? ಇದೆ. ಹಳೇ ಕಂಪ್ಯೂಟರ್ ಕಸೂತಿ ಯಂತ್ರ ಇಟ್ಟುಕೊಂಡವರು, ಫ್ಲಾಪಿ ಡ್ರೈವಿರುವ ಕೀಬೋರ್ಡ್ ನುಡಿಸುವ ಆರ್ಕೆಸ್ಟ್ರಾದವರು ಈಗಲೂ ಹುಡುಕುತ್ತಾರೆ. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾರುವುದನ್ನು ನಿಲ್ಲಿಸಿತು, ಈಗ ಸಿಗುವುದೆಲ್ಲಾ ಹಳೇ ದಾಸ್ತಾನು. ಜಪಾನಿನಂಥ ಜಪಾನಿನಲ್ಲೇ ಸರ್ಕಾರಿ ಕೆಲಸಕ್ಕೆ ಫ್ಲಾಪಿ ತನ್ನಿ ಎನ್ನುವ ಸಾವಿರಕ್ಕೂ ಹೆಚ್ಚು ನಿಯಮಗಳು ರದ್ದಾಗಿದ್ದು 2024ರಲ್ಲಿ. ಅಂಥವರಿಗೆ ಕೊಡುವಾಗ ಕಿಂಡಿ ಮುಚ್ಚಿ ಫುಲ್ ಫಾರ್ಮ್ಯಾಟೇ ಮಾಡಿ. ಒಂದೆರಡು ನಿಮಿಷ ಹಿಡಿದರೂ ಕೆಟ್ಟ ತುಂಡುಗಳು ಎಷ್ಟು ಅಂತ ಲೆಕ್ಕ ಹೇಳುತ್ತೆ. ಲೆಕ್ಕದಲ್ಲಿ ಕೆಟ್ಟದ್ದು ಕಂಡರೆ ಆ ಫ್ಲಾಪಿಯನ್ನು ನಂಬಬೇಡಿ. ಕಸೂತಿ ಯಂತ್ರಕ್ಕಾದರೆ ಆ ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಿಸುವುದು ಮೇಲು, ಕೆಲವಕ್ಕೆ ತಮ್ಮದೇ ಲೆಕ್ಕ ಇರುತ್ತೆ.

ಇನ್ನು ಆ ನೀಲಿ ಫ್ಲಾಪಿ.

2004ರ ಬೇಸಿಗೆ ಶುರುವಾಗುವ ಹೊತ್ತು. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಅಂಕಪಟ್ಟಿ ಅವತ್ತೇ ಮಧುಗಿರಿಗೆ ತಲುಪಬೇಕಿತ್ತು. ಕರೆಂಟು ಬಂದಿದ್ದು ಮಧ್ಯಾಹ್ನ ಮೂರಕ್ಕೆ, ಬಸ್ಸು ನಾಲ್ಕೂವರೆಗೆ. ಪಟ್ಟಿ ತಯಾರಾಯಿತು, ಖಾಲಿ ಫ್ಲಾಪಿ ಇಲ್ಲ. ಹತ್ತು ಹನ್ನೆರಡು ರೂಪಾಯಿಯ ವಸ್ತು, ಆದರೆ ಅಂಗಡಿ ಇರುವುದು ಬಸ್ಸು ಹತ್ತಿ ಹೋಗುವ ದೂರದಲ್ಲಿ. ಮೇಜಿನ ಮೇಲೆ ಒಂದು ನೀಲಿ ಫ್ಲಾಪಿ ಬಿದ್ದಿತ್ತು, ಚೀಟಿ ಅರ್ಧ ಕಿತ್ತುಹೋಗಿತ್ತು. ಹಾಕಿದೆ. ಒಳಗೆ ಏನೋ ಒಂದು ದೊಡ್ಡ ಫೈಲು, ಜಾಗ ಸಾಲಲ್ಲ ಅಂತು. ಅದೇನು ಅಂತ ತೆರೆದು ನೋಡುವ ತಾಳ್ಮೆ ನನಗಿರಲಿಲ್ಲ. ಮಕ್ಕಳ ಆಟದ್ದೇನೋ ಇರಬೇಕು ಅಂದುಕೊಂಡೆ. ಫಾರ್ಮ್ಯಾಟ್ ಒತ್ತಿ, ಅಂಕಪಟ್ಟಿ ಹಾಕಿಕೊಂಡು, ಓಡಿ ಬಸ್ಸು ಹಿಡಿದೆ. ಮಾರನೇ ದಿನ ಪಟ್ಟಿ ಅಳಿಸಿ, ಫ್ಲಾಪಿಯನ್ನು ಇದ್ದ ಜಾಗದಲ್ಲೇ ಇಟ್ಟೆ.

ವಾರದ ಮೇಲೆ ಮೇಷ್ಟ್ರು ಬಂದರು. “ಸಾರ್, ಸೋಬಾನೆ ಎರಡನೇದು ಖಾಲಿ ತೋರಿಸ್ತಿದೆ. ಏನಾಗಿರಬಹುದು?”

“ಫ್ಲಾಪಿ ಅಲ್ವಾ ಮೇಷ್ಟ್ರೇ, ಕೆಟ್ಟಿರಬೇಕು” ಅಂದುಬಿಟ್ಟೆ.

ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ಕಂಪ್ಯೂಟರ್ ವಿಷಯದಲ್ಲಿ ನಾನು ಹೇಳಿದ್ದೇ ವೇದವಾಕ್ಯ. “ಹೌದಾ” ಅಂದು ಜೇಬಿಗೆ ಹಾಕಿಕೊಂಡು ಹೋದರು. ಅದರಲ್ಲಿದ್ದುದು ಶಿರಾ ಕಡೆಯ ಒಬ್ಬ ಅಜ್ಜಿ ಹಾಡಿದ ಮದುವೆ ಹಾಡುಗಳು. ಬರೆದುಕೊಂಡ ನೋಟ್‌ಬುಕ್ಕನ್ನು ಅಚ್ಚು ಹಾಕಿಸುತ್ತೇನೆ ಅಂತ ಯಾರೋ ಒಯ್ದು ವಾಪಸ್ ಕೊಟ್ಟಿರಲಿಲ್ಲ. “ರಜಾದಲ್ಲಿ ಇನ್ನೊಂದು ಸಾರಿ ಹೋಗಿ ಹಾಡಿಸಬೇಕು” ಅನ್ನುತ್ತಿದ್ದರು. ಆ ಮಳೆಗಾಲಕ್ಕೆ ಅಜ್ಜಿ ಹೋಗಿಬಿಟ್ಟರು. ಆಮೇಲೂ ನಾನು ಬಾಯಿ ಬಿಡಲಿಲ್ಲ. ಮೇಷ್ಟ್ರಿಗೆ ವರ್ಗವಾಯಿತು, ನನ್ನ ಗುತ್ತಿಗೆ ಮುಗಿಯಿತು, ಅಂಗಡಿ ಹಾಕಿದೆ. ಮೂರು ವರ್ಷದ ಹಿಂದೆ ಮೇಷ್ಟ್ರೂ ತೀರಿಕೊಂಡರು.

ಹತ್ತು ಫ್ಲಾಪಿ ಮುಗಿಸಿ ಕೊನೆಗೆ ಅದನ್ನು ಕೈಗೆತ್ತಿಕೊಂಡಾಗ ನನಗೆ ಬೇಕಿದ್ದುದು ಒಂದೇ ಉತ್ತರ: ಅವತ್ತು ನಾನು ಒತ್ತಿದ್ದು ಕ್ವಿಕ್ಕೋ ಫುಲ್ಲೋ? ವಿಂಡೋಸ್ 98ರಲ್ಲಿ ಎರಡೂ ಒಂದರ ಕೆಳಗೊಂದು ಇರುತ್ತಿದ್ದವು. ನೆನಪಿಲ್ಲ. ತದ್ರೂಪು ತೆಗೆದು ತುಂಡು ತುಂಡಾಗಿ ನೋಡುತ್ತಾ ಹೋದೆ. ಲೆಕ್ಕದ 33 ತುಂಡು ಖಾಲಿ. ಆಮೇಲೆ ಎಂಬತ್ತು ಚಿಲ್ಲರೆ ತುಂಡುಗಳಲ್ಲಿ ನನ್ನ ಅಂಕಪಟ್ಟಿ. ನಾನು ಅಳಿಸಿದ್ದೆ ಅಂದುಕೊಂಡದ್ದು ಇಪ್ಪತ್ತು ವರ್ಷ ಅಲ್ಲೇ ಕೂತಿತ್ತು, ಮಕ್ಕಳ ಹೆಸರು, ಗಣಿತದಲ್ಲಿ ಬಂದ ಹನ್ನೆರಡು, ಹದಿನಾಲ್ಕು ಸಮೇತ. ಅದರ ಮುಂದಿನ ತುಂಡಿಗೆ ಹೋದೆ. ದೊಡ್ಡ ‘ಪಿ’, ಓರೆಗೀಟಿನ ‘ಎ’, ಪೌಂಡಿನ ಗುರುತು.

ಬಸ್ಸಿನ ಅವಸರದಲ್ಲಿ ಕ್ವಿಕ್ಕೇ ಒತ್ತಿದ್ದೆ.

ಖಾಲಿ ಫ್ಲಾಪಿಗೆ ಹೊಸ ಫೈಲು ಹಾಕಿದರೆ ಅದು ಮೊದಲ ತುಂಡಿನಿಂದಲೇ ಶುರುವಾಗಿ ಸಾಲಾಗಿ ಕೂರುತ್ತೆ. ಹಾಗಾಗಿ ಅಂಕಪಟ್ಟಿ ನುಂಗಿದ್ದು ಹಾಡುಗಳ ಮೊದಲ ಭಾಗವನ್ನು ಮಾತ್ರ. ಇನ್ನೊಂದು ಅದೃಷ್ಟ, ಮೇಷ್ಟ್ರು ಎಲ್ಲವನ್ನೂ ಬರೀ ಟೆಕ್ಸ್ಟ್ ಫೈಲಾಗಿ ಉಳಿಸುತ್ತಿದ್ದರು. ವರ್ಡ್ ಫೈಲು ಜಾಗ ತಿನ್ನುತ್ತೆ ಅಂತ ನಾನೇ ಹೇಳಿಕೊಟ್ಟಿದ್ದೆ. ವರ್ಡ್ ಫೈಲಾಗಿದ್ದು ತಲೆ ಹೋಗಿದ್ದರೆ ಉಳಿದದ್ದನ್ನು ಬಿಡಿಸೋದು ಇನ್ನೂ ಕಷ್ಟವಾಗುತ್ತಿತ್ತು. ಟೆಕ್ಸ್ಟಾದ್ದರಿಂದ ಉಳಿದ ತುಂಡುಗಳನ್ನು ಒಟ್ಟಿಗೆ ಕತ್ತರಿಸಿ, ಯೂನಿಕೋಡಿಗೆ ಬದಲಿಸಿದೆ. ಕನ್ನಡ ಬಂತು. ಒಂದು ಹಾಡಿನ ನಡುಮಧ್ಯದಿಂದ ಶುರುವಾಗಿ, ಕೊನೆಯಲ್ಲಿ ಮೇಷ್ಟ್ರು ಬರೆದಿದ್ದ ಪರಿವಿಡಿ ತನಕ. ಪರಿವಿಡಿಯಲ್ಲಿ ಮೂವತ್ತೊಂದು ಹಾಡು, ಸಿಕ್ಕಿದ್ದು ಇಪ್ಪತ್ತೆರಡು. ಹೋದ ಒಂಬತ್ತರ ಹೆಸರು ಮಾತ್ರ ಪರಿವಿಡಿಯಲ್ಲಿದೆ: ಎಣ್ಣೆ ಹಚ್ಚುವಾಗಿನದು, ಬಳೆ ತೊಡಿಸುವಾಗಿನದು, ಹಸೆಗೆ ಕರೆಯುವುದು, ಹೀಗೆ.

ಮೇಷ್ಟ್ರ ಮಗಳು ಬಂದಾಗ ಪೆನ್ ಡ್ರೈವ್ ಕೊಟ್ಟು, ಪ್ರಿಂಟು ಕೊಟ್ಟು, ಆಮೇಲೆ ಎಲ್ಲಾ ಹೇಳಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡೇ ಹೇಳಿದ್ದು, ಅದೂ ಒಂದು ಹೇಡಿತನವೇ. ಅವಳು ಸ್ವಲ್ಪ ಹೊತ್ತು ಕೆಂಪು ಶಾಯಿಯ ಚೀಟಿ ನೋಡುತ್ತಾ ಕೂತಿದ್ದಳು.

“ಕೆಟ್ಟಿದ್ರೆ ಎಸೀಬೇಕಿತ್ತಲ್ಲ ಸಾರ್. ಎಸೀಬೇಡಿ ಅಂತ ಯಾಕೆ ಬರೆದ್ರು ಅಪ್ಪಾಜಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

“ಆ ಒಂಬತ್ತು ಯಾವ್ಯಾವುದು ಅಂತ ಒಂದು ಹಾಳೇಲಿ ಬರ್ಕೊಡಿ” ಅಂದಳು. ಬರೆದುಕೊಟ್ಟೆ. ದುಡ್ಡು ಎಷ್ಟು ಅಂತ ಕೇಳಿದಳು, ನಾನು ಬೇಡ ಅಂದೆ, ಪ್ರಿಂಟಿನ ದುಡ್ಡನ್ನಾದರೂ ತಗೊಳ್ಳಿ ಅಂತ ಮೇಜಿನ ಮೇಲೆ ಇಟ್ಟು ಹೋದಳು. ಸಿಟ್ಟಾಗಿದ್ದಳೋ ಇಲ್ಲವೋ ತಿಳಿಯಲಿಲ್ಲ.

ಮೊನ್ನೆ ಭಾನುವಾರ ಫೋನು ಮಾಡಿದ್ದಳು. ಆ ಅಜ್ಜಿಯ ಊರಿಗೇ ಹೋಗಿದ್ದಾಳೆ. ಅಜ್ಜಿಯ ಸೊಸೆಗೂ ಈಗ ಎಪ್ಪತ್ತರ ಹತ್ತಿರ. “ಹಸೆಗೆ ಕರೆಯೋದು ಸಿಕ್ತು ಸಾರ್, ಆದ್ರೆ ಅರ್ಧ. ಇನ್ನರ್ಧ ಮಗ್ಗುಲು ಮನೇ ಅವ್ರಿಗೆ ಬರುತ್ತಂತೆ, ಅವರು ಬೆಂಗಳೂರಿಗೆ ಹೋಗವ್ರೆ. ಬುಧವಾರ ಬರ್ತಾರೆ.” ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡಿದ್ದಾಳೆ. ಕಳಿಸಮ್ಮಾ ಅಂದೆ. ಬಂದ ತಕ್ಷಣ ಎರಡು ಕಡೆ ಉಳಿಸಿಟ್ಟೆ.